ರಂಟೆಯ ಕಟ್ಟಿಗೆ

ನಾನು ಮಾಡಿದ ಬಡಿಗತನದಲ್ಲಿ ತೀರ ಚಂದ ಕೂತದ್ದು ಯಾವುದು ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ. ಅದು ಚಕ್ಕಡಿಯ ಗಾಲಿಯಲ್ಲ, ಬಾಗಿಲ ಚೌಕಟ್ಟೂ ಅಲ್ಲ. ಒಂದು ಬಂದೂಕಿನ ಕಟ್ಟಿಗೆ. ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಯುದ್ಧ ನಡೆದಿದ್ದ ವರ್ಷಗಳು ಅವು. ತಿಕೋಟಾದಲ್ಲಿ ನಮ್ಮ ಮನೆಯ ಮುಂದಿನ ಅಂಗಳವೇ ನನ್ನ ಕೆಲಸದ ಜಾಗ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಬಾಚಿ ಉಳಿ ನನ್ನ ಕೈಗೆ ಬಂದಿದ್ದವು. ಅಂಗಳದ ಮೂಲೆಯಲ್ಲಿ ಗೋಡೆಗೆ ಒರಗಿಸಿದ ಒಂದು ಹಳೆಯ ರಂಟೆ ಇತ್ತು. ಎರೆಭೂಮಿಯನ್ನು ಆಳಕ್ಕೆ ಉಳುವ ಮರದ ದೊಡ್ಡ ನೇಗಿಲಿಗೆ ನಮ್ಮ ಕಡೆ ರಂಟೆ ಎನ್ನುತ್ತಾರೆ. ಅದು ನಮ್ಮ ಓಣಿಯ ಒಬ್ಬ ಹಿರಿಯ ರೈತರದು. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಮನೆಗೆ ಕಬ್ಬಿಣದ ರಂಟೆ ಬಂದ ಮೇಲೆ ಅವರು ಹಳೆಯದನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಅಂಗಳದಲ್ಲಿ ಇಳಿಸಿದ್ದರು.

"ಇದನ್ನ ಒಲಿಗೆ ಹಾಕಬ್ಯಾಡ ತಮ್ಮಾ. ನಮ್ಮಪ್ಪ ಹೊಡದ ರಂಟಿ ಇದು. ನಿನ್ನ ಹಂತ್ಯಾಕ ಇರಲಿ. ಕುಂಟಿಗೋ ಕೂರಿಗಿಗೋ ಬಂದರ ಹಚ್ಚು, ಮತ್ತ್ಯಾತಕ್ಕೂ ಬ್ಯಾಡ."

"ಆತ್ರಿ ಕಾಕಾರ," ಎಂದಿದ್ದೆ.

ನಮ್ಮಲ್ಲಿ ಇದು ರೂಢಿ. ಹೊಲ ಉತ್ತ ಕಟ್ಟಿಗೆ ಮತ್ತೆ ಹೊಲದ ಕೆಲಸಕ್ಕೇ ಹೋಗಬೇಕು. ಮಂಚಕ್ಕೆ, ಬಾಗಿಲಿಗೆ, ಉರುವಲಿಗೆ ಹೋಗುವಂತಿಲ್ಲ. ಅದಕ್ಕೆಂದೇ ರೈತರು ಹಳೆಯದನ್ನು ಬಡಿಗನ ವಶಕ್ಕೆ ಕೊಡುತ್ತಾರೆ, ಬಡಿಗ ಕಾಯುತ್ತಾನೆ. ಆ ಕಾವಲಿಗೆ ಕಾಗದ ಪತ್ರ ಏನೂ ಇರುವುದಿಲ್ಲ.

ಆ ವರ್ಷ ಶ್ರಾವಣ ಹತ್ತುವ ಹೊತ್ತಿಗೆ ಊರಲ್ಲಿ ಡಂಗುರ ಹೊಡೆದರು. ಪರವಾನಗಿ ಇದ್ದವರೆಲ್ಲ ಹದಿನೈದು ದಿನದೊಳಗೆ ವಿಜಾಪುರದ ಕಚೇರಿಗೆ ಬಂದೂಕು ತಂದು ತೋರಿಸಬೇಕು, ಕೆಟ್ಟು ನಿಂತ ಬಂದೂಕು ಸರಕಾರಕ್ಕೆ ಜಮಾ. ಕಾಕಾರ ಹತ್ತಿರ ಕೇಪು ಹಚ್ಚಿ ಹಾರಿಸುವ ಒಂಟಿ ನಳಿಗೆಯ ಬಂದೂಕು ಒಂದಿತ್ತು. ಹಳ್ಳದ ದಂಡೆಯ ಶೇಂಗಾ ಹೊಲಕ್ಕೆ ಕಾಡುಹಂದಿಗಳ ಕಾಟ. ಅವರು ಬಹಳ ಸಲ ಆಕಾಶಕ್ಕೇ ಹಾರಿಸುತ್ತಿದ್ದರು, ಒಂದೆರಡು ಸಲ ಹಂದಿಗೂ ಬಿದ್ದಿತ್ತು. ಡಂಗುರದ ಹಿಂದಿನ ವಾರವಷ್ಟೇ ಆ ಬಂದೂಕು ಚಕ್ಕಡಿಯಿಂದ ಜಾರಿ ಗಾಲಿಗೆ ಸಿಕ್ಕಿತ್ತು. ನಳಿಗೆಗೆ ಏನೂ ಆಗಿರಲಿಲ್ಲ. ಹೆಗಲಿಗೆ ಆನಿಸುವ ಕಟ್ಟಿಗೆ ಮಾತ್ರ ಕೈ ಹಿಡಿಯುವ ಸಣ್ಣ ಕೊರಳಿನಲ್ಲಿ ಎರಡು ತುಂಡಾಗಿತ್ತು.

"ಬಂದೂಕ ಹೋದರ ಈ ಸಲ ಶೇಂಗಾ ಹಂದಿ ಪಾಲು. ಏನರ ಮಾಡು," ಎಂದು ಕಾಕಾ ತುಂಡುಗಳನ್ನು ನನ್ನ ಮುಂದಿಟ್ಟರು.

ಮುರಿದ ಕಟ್ಟಿಗೆ ಯಾವುದೋ ದೂರ ದೇಶದ್ದು, ನನಗೆ ಗುರುತು ಸಿಗಲಿಲ್ಲ. ಆದರೆ ಹೊಸದು ಹೇಗಿರಬೇಕು ಎಂಬುದು ಮುರಿದ ಜಾಗ ನೋಡಿದಾಗಲೇ ತಿಳಿಯಿತು. ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ದರೆ ಆಮೇಲೆ ಕುಗ್ಗಿ ಕಬ್ಬಿಣ ಸಡಿಲಾಗುತ್ತದೆ. ಕೊರಳು ಬಾಗುವಲ್ಲಿ ಮರದ ಎಳೆಯೂ ಬಾಗಬೇಕು, ಅಡ್ಡ ಕಡಿದರೆ ಹಾರಿಸಿದ ಏಟಿಗೆ ಸೀಳುತ್ತದೆ.

ನನ್ನ ಜಾಲಿಯೆಲ್ಲ ಯುಗಾದಿಯಿಂದ ಬಾವಿಯ ನೀರಿನಲ್ಲಿ ನೆನೆದಿತ್ತು. ಹುಳ ಹತ್ತಬಾರದೆಂದು ಜಾಲಿಯನ್ನು ನೆನೆಹಾಕುತ್ತೇವೆ, ತೆಗೆದ ಮೇಲೆ ನೆರಳಿನಲ್ಲಿ ವರ್ಷವಾದರೂ ಒಣಗಬೇಕು. ಒಣಗಿದ ಬೇವಿನ ಹಲಗೆ ಇತ್ತು. ಅದರ ಎಳೆ ತಿರುಚಿಕೊಂಡಿತ್ತು, ಉಳಿ ಇಟ್ಟಲ್ಲಿ ಚಕ್ಕೆ ಏಳುತ್ತಿತ್ತು. "ಬೇವು ಬ್ಯಾಡಪಾ, ಗಲ್ಲಕ್ಕ ಹಚ್ಚಿದರ ಊಟದ ರುಚಿ ಕೆಡತೈತಿ," ಎಂದು ಕಾಕಾ ನಕ್ಕರು. ಮಾವು ಮೆತ್ತಗೆ. ಹುಣಸೆಯ ತಿರುಳು ನನ್ನ ಎರಡು ಉಳಿಗಳ ಬಾಯಿ ಮುರಿದು ಕಳಿಸಿತು.

ಸಾಗವಾನಿ ಸಿಕ್ಕೀತೆಂದು ವಿಜಾಪುರಕ್ಕೆ ಹೋದೆ. ಗೋಳಗುಮ್ಮಟದ ಹತ್ತಿರದ ಕಟ್ಟಿಗೆ ವಖಾರಿಯಲ್ಲಿ ಮಾಲೀಕ ಮೇಲೇಳಲೂ ಇಲ್ಲ. "ಸಾಗವಾನಿ ಎಲ್ಲಾ ಲಡಾಯಿಗೆ ಹೊಂಟೈತಿ. ನಿನಗ ಎಲ್ಲಿಂದ ತರಲಿ?" ಎಂದ. ಕಡೆಗೆ ಹಳೆಯ ಚೌಕಟ್ಟಿನ ಒಂದು ತುಂಡು ತೋರಿಸಿದ. ಎಳೆ ದಾರ ಹಿಡಿದಷ್ಟು ನೆಟ್ಟಗೆ. ಬಾಗಿಲಿಗೆ ಅದು ಗುಣ, ಬಂದೂಕಿನ ಕೊರಳಿಗೆ ದೋಷ. ಬಬಲೇಶ್ವರದಲ್ಲಿ ಒಬ್ಬ ಬಡಿಗನ ಬಳಿ ಶೀಸಂ ಇದೆ ಎಂದರು. ಹೋಗಿ ನೋಡಿದರೆ ಮಂಚದ ಕಾಲು, ಬಣ್ಣ ಕಣ್ಣು ಕುಕ್ಕುವಂತಿತ್ತು, ಉದ್ದ ಮಾತ್ರ ಒಂದು ಗೇಣು ಕಡಿಮೆ.

ಹೀಗೆ ಒಂಬತ್ತು ದಿನ ಹೋದವು. ಹತ್ತನೆಯ ದಿನ ಬೆಳಗ್ಗೆ ಹಲ್ಲುಜ್ಜುತ್ತ ನಿಂತವನ ಕಣ್ಣಿಗೆ ಮೂಲೆಯ ರಂಟೆ ಬಿತ್ತು. ಅದು ದಿನಾ ಬೀಳುತ್ತಿದ್ದದ್ದೇ. ಅಂದು ಬೇರೆ ಥರ ಬಿತ್ತು. ಮೂವತ್ತು ನಲವತ್ತು ವರ್ಷ ಒಣಗಿದ ಜಾಲಿ, ಬುಡದಲ್ಲಿ ಹುಟ್ಟುತ್ತಲೇ ಬಾಗಿದ ಕೊಂಬೆ, ಆ ಬಾಗಿನೊಳಗೇ ಹರಿದ ಎಳೆ. ಬಂದೂಕಿಗೆಂದೇ ಬೆಳೆದಂತಿತ್ತು.

ಕಾಕಾರ ಮನೆ ನನ್ನ ಅಂಗಳದಿಂದ ನಾಲ್ಕು ಮನೆ ಆಚೆ. ಹೋಗಿ ಕೇಳಬಹುದಿತ್ತು. ಕೇಳಿದರೆ ಬೇಡ ಎಂದಾರು, ಬೇಡ ಎಂದರೆ ಬಂದೂಕು ಹೋದೀತು, ನನ್ನ ಹೆಸರೂ ಹೋದೀತು ಎಂದುಕೊಂಡೆ. ಆಕಾರ ಹೋದ ಮೇಲೆ ಅದು ರಂಟೆಯಾಗಿ ಉಳಿಯುವುದಿಲ್ಲ ಎಂದೂ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅಷ್ಟು ಒಳ್ಳೆಯ ಕಟ್ಟಿಗೆ ಕಂಡ ಮೇಲೆ ಕೈ ತಡೆಯಲಿಲ್ಲ. ರಂಟೆಯನ್ನು ಮನೆಯೊಳಗೆ ಒಯ್ದು, ಬಾಗಿಲು ಮುಂದೆ ಮಾಡಿ ಕೊಯ್ದೆ.

ಕೆಲಸ ಬೆಣ್ಣೆಯಂತೆ ಸಾಗಿತು. ನಳಿಗೆ ತನ್ನ ತೋಡಿನಲ್ಲಿ ಕೂದಲೂ ಹೋಗದ ಹಾಗೆ ಕೂತಿತು. ಒಂದೇ ತೊಡಕು ಉಳಿಯಿತು. ರಂಟೆಗೆ ಕುಳ ಬಿಗಿದಿದ್ದ ಕಬ್ಬಿಣದ ಪಟ್ಟಿ ಇದ್ದ ಕಡೆ, ಗಲ್ಲ ತಾಗುವ ಜಾಗಕ್ಕೆ ಸರಿಯಾಗಿ, ಎರಡು ಬೆರಳಗಲದ ಕಪ್ಪು ಪಟ್ಟೆ. ಕಬ್ಬಿಣ ಕೂತಲ್ಲಿ ಜಾಲಿ ಕಪ್ಪಾಗುತ್ತದೆ, ಇದು ನಮ್ಮ ಕಡೆ ಪ್ರತಿ ರೈತನಿಗೂ ಗೊತ್ತು. ಎಷ್ಟು ಕೆತ್ತಿದರೂ ಅದು ಒಳಗೆ ಇಳಿದೇ ಇತ್ತು. ಎಣ್ಣೆ ಕುಡಿಸಿದರೆ ಎಲ್ಲ ಒಂದೇ ಬಣ್ಣವಾದೀತೆಂದು ಕುಸುಬಿ ಎಣ್ಣೆ ಕಾಯಿಸಿ ಮೂರು ದಿನ ತಿಕ್ಕಿದೆ. ಉಳಿದ ಕಟ್ಟಿಗೆ ಕೆಂಪಗೆ ಹೊಳೆಯಿತು, ಪಟ್ಟೆ ಇನ್ನೂ ಕಪ್ಪಾಯಿತು.

ಹದಿನೈದನೆಯ ದಿನ ಮುಂಜಾನೆ ಕಾಕಾ ಚಕ್ಕಡಿ ಹೂಡಿಕೊಂಡೇ ಬಂದರು. ಬಂದೂಕು ಎತ್ತಿ ಹೆಗಲಿಗಿಟ್ಟರು, ಗಲ್ಲ ಒತ್ತಿ ಎದುರಿನ ಬೇವಿನ ಮರಕ್ಕೆ ಗುರಿ ಹಿಡಿದರು. ಮುಖ ಅರಳಿತು. ಇಳಿಸುವಾಗ ಪಟ್ಟೆ ಕಂಡಿತು. ಧೋತರದ ಚುಂಗಿನಿಂದ ಒರೆಸಿ ನೋಡಿದರು.

"ಎಲ್ಲೀದ ತಮ್ಮಾ ಈ ಜಾಲಿ?"

"ಕಳ್ಳಕವಟಗಿ ಹಳ್ಳದ್ದರಿ."

"ಹೌದಾ," ಎಂದರು. ಒಮ್ಮೆ ನನ್ನ ಅಂಗಳದ ಮೂಲೆಯ ಕಡೆ ನೋಡಿದರು. ಅಲ್ಲಿ ಗೋಡೆ ಮಾತ್ರ ಇತ್ತು. ಚಕ್ಕಡಿ ಹತ್ತು ಎಂದು ಕೈ ಮಾಡಿದರು.

ಕಚೇರಿಯಲ್ಲಿ ಕಾರಕೂನ ಬಂದೂಕನ್ನು ತಿರುಗಿಸಿ ಮುರುಗಿಸಿ ನೋಡಿದ. "ಛಲೋ ಕಟ್ಟಿಗಿ ಹಾಕ್ಸೀರಿ. ಎಲ್ಲಿಂದ ತಂದ್ರಿ?" ಎಂದು ಕೇಳಿದ.

"ಮನ್ಯಾಗಿಂದ್ರಿ," ಎಂದರು ಕಾಕಾ. ನನ್ನ ಕಡೆ ನೋಡಲಿಲ್ಲ. ಕಾಗದಕ್ಕೆ ಶಿಕ್ಕೆ ಬಿತ್ತು.

ಮರಳುವಾಗ ತೊರವಿಯಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತೆವು. ನನಗೆ ತಡೆಯಲಾಗಲಿಲ್ಲ.

"ತಪ್ಪಾತ್ರಿ ಕಾಕಾರ. ರಂಟೀದ ಅದು."

"ನನಗ ಗೊತ್ತೈತಿ." ಎತ್ತಿನ ಬೆನ್ನು ಸವರುತ್ತಲೇ ಹೇಳಿದರು. "ಕೇಳಿದ್ದರ ಕೊಡ್ತಿದ್ನೋ ಏನೋ. ಈಗ ಅದನ್ನ ಹೇಳಾಕ ನನಗೂ ಬರೂದಿಲ್ಲ."

ಆ ವರ್ಷ ಹಂದಿಗಳು ಬಂದವು. ಕಾಕಾ ಬಂದೂಕು ಮುಟ್ಟಲಿಲ್ಲ. ಹಳ್ಳದ ದಂಡೆಯಲ್ಲಿ ನಿಂತು ಸೀಮೆಎಣ್ಣೆಯ ಖಾಲಿ ಡಬ್ಬಿ ಬಡಿದರು. ಹಂದಿಗಳು ಎರಡು ದಿನ ಹೆದರಿದವು, ಮೂರನೆಯ ದಿನ ಡಬ್ಬಿಯ ಮುಂದೆಯೇ ಶೇಂಗಾ ಕೆದರಿದವು. ಅರ್ಧ ಹೊಲ ಹೋಯಿತು. ಸೀಗೆ ಹುಣ್ಣಿಮೆಯ ದಿನ ಅವರ ಹೊಲದ ದಾರಿಯಲ್ಲಿ ಹೋಗುತ್ತಿದ್ದೆ. ಪೂಜೆಗಿಟ್ಟ ಕಬ್ಬಿಣದ ರಂಟೆಯ ಪಕ್ಕದಲ್ಲಿ ಬಂದೂಕು ಮಲಗಿಸಿದ್ದರು. ನಳಿಗೆಗೆ ಏನೂ ಹಚ್ಚಿರಲಿಲ್ಲ, ಕಪ್ಪು ಪಟ್ಟೆಯ ಮೇಲೆ ಮಾತ್ರ ವಿಭೂತಿ. ಹೊಲಕ್ಕೆ ಎಡೆ ಚೆಲ್ಲಿ ಅಲ್ಲೇ ಉಣ್ಣುವ ಚರಗಕ್ಕೆ ಬಾ ಎಂದು ಕರೆದರು. ಬಂದೂಕಿಗೆ ಬೆನ್ನು ಮಾಡಿ ಕೂತು ಉಂಡೆ.

ಮರುವರ್ಷ ಬಾವಿಯ ಜಾಲಿ ಒಣಗಿತು. ಬಾಗಿದ ಕೊಂಬೆಯೊಂದನ್ನು ಹುಡುಕಿ, ಯಾರೂ ಹೇಳದೆಯೇ ಇನ್ನೊಂದು ಕಟ್ಟಿಗೆ ಮಾಡಿದೆ. ತುಸು ಒರಟು, ತುಸು ಭಾರ, ಆದರೂ ಕೆಲಸಕ್ಕೆ ಬರುವಂಥದ್ದು. ಕಾಕಾರ ಮನೆಗೆ ಹೋಗಿ ಹೇಳಿದೆ. ಅವರು ಬಂದೂಕು ತಂದು ನನ್ನ ಅಂಗಳದಲ್ಲಿ ಕೂತರು. ಹಳೆಯದನ್ನು ಬಿಚ್ಚಿ ಹೊಸದು ಕೂಡಿಸುವವರೆಗೆ ಎದ್ದು ಹೋಗಲಿಲ್ಲ. ಹೆಗಲಿಗಿಟ್ಟು ನೋಡಿ, "ಸಾಕು, ಇದರಾಗ ಹಂದಿ ಹೊಡೀಬಹುದು," ಎಂದರು.

ಬಿಚ್ಚಿದ ಕಟ್ಟಿಗೆ ನನ್ನ ಕೈಯಲ್ಲಿತ್ತು. ರೂಢಿಯಂತೆ ಮೂಲೆಯ ಗೋಡೆಗೆ ಒರಗಿಸಲು ಎದ್ದೆ.

"ಕೊಡಿಲ್ಲೆ," ಎಂದು ಕಾಕಾ ಕೈ ಚಾಚಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ತಲೆಯ ರುಮಾಲು ಬಿಚ್ಚಿ ಅದನ್ನು ಸುತ್ತಿದರು. "ಈ ಸಲ ಮನ್ಯಾಗ ಇಟ್ಕೊಂತೇನಿ."

ಬರಿದಲೆಯಲ್ಲಿ ಓಣಿ ದಾಟಿ ಹೋದರು. ಆಮೇಲೆ ಅವರ ಮನೆಯ ಚಕ್ಕಡಿ, ಕುಂಟೆ, ಕೂರಿಗೆ ಎಲ್ಲ ನಾನೇ ಮಾಡಿದೆ, ಸುಗ್ಗಿಯಲ್ಲಿ ಬಡಿಗನಿಗೆ ಸಲ್ಲುವ ಕಾಳಿನ ಆಯವೂ ತಪ್ಪದೆ ಬಂತು. ಕಾಯಲು ಕೊಡುವ ಹಳೆಯ ಕಟ್ಟಿಗೆ ಮಾತ್ರ ಒಂದು ತುಂಡೂ ನನ್ನ ಅಂಗಳಕ್ಕೆ ಬರಲಿಲ್ಲ.