ಕುಂಕುಮ ಒರೆಸಿದ ಮೇಷ್ಟ್ರು

ಹಿದುಕಿದ ಬೇಳೆ ಸಾರು ಮಾಡೋಣವೆಂದು ರಾತ್ರಿಯೇ ನೆನೆಸಿಟ್ಟಿದ್ದ ಅವರೆಕಾಳನ್ನು ಹಿದುಕುತ್ತ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಸೊಗಡು ಕೈಗೆಲ್ಲ ಹತ್ತಿತ್ತು. ಪಾತ್ರೆ ಅರ್ಧವೂ ತುಂಬಿರಲಿಲ್ಲ, ಫೋನು ಹೊಡೆದುಕೊಂಡಿತು. ಒದ್ದೆ ಬೆರಳಿನಲ್ಲೇ ಒತ್ತಿ, ಸ್ಪೀಕರ್ ಹಾಕಿ ಪಕ್ಕಕ್ಕಿಟ್ಟುಕೊಂಡೆ. ನಮ್ಮ ಭಜನಾ ಮಂಡಳಿಯ ಅಧ್ಯಕ್ಷೆ.

"ಗೊತ್ತಾಯ್ತೇನ್ರೀ? ಕಲ್ಲು ಮೇಷ್ಟ್ರು ಹೋಗ್ಬಿಟ್ರಂತೆ. ಹಾಸನದಲ್ಲಿ, ಮಗಳ ಮನೇಲಿ."

ನಾನು ಮರೆತಿದ್ದೇನೆ ಎಂದುಕೊಂಡರೋ ಏನೋ, ಆಕೆ ನೆನಪು ಮಾಡಿಕೊಟ್ಟರು. "ಅದೇ ಕಣ್ರೀ, ದೇವ್ರ ಕುಂಕುಮನ ಚಪ್ಪಲಿ ಕಾಲಲ್ಲಿ ಒರೆಸಿದ್ರಲ್ಲ, ಅವ್ರು!"

ಅಷ್ಟು ಹೇಳಿ, ಇನ್ನೂ ನಾಲ್ಕು ಜನಕ್ಕೆ ತಿಳಿಸಬೇಕು ಎಂದು ಫೋನ್ ಇಟ್ಟರು.

ಮೂವತ್ತು ವರ್ಷ ನಮ್ಮ ಹೊಳೆನರಸೀಪುರದ ಮಕ್ಕಳಿಗೆ ವಿಜ್ಞಾನ ಪಾಠ ಹೇಳಿದ ಮನುಷ್ಯ. ಅಧ್ಯಕ್ಷೆಯ ಇಬ್ಬರು ಗಂಡುಮಕ್ಕಳೂ ಅವರ ಕೈಯಲ್ಲೇ ಓದಿ ನೌಕರಿ ಹಿಡಿದವರು. ಸತ್ತ ದಿನವಾದರೂ ಪಾಠ ಹೇಳಿದ ಮೇಷ್ಟ್ರು ಎನ್ನಬಾರದೆ? ಅದು ಬಿಟ್ಟು ಇದೊಂದು ಮಾತು! ಅದೂ ಸುಳ್ಳು ಮಾತು. ಸುಳ್ಳು ಎಂದು ನನಗೆ ಗೊತ್ತಿರುವಷ್ಟು ಚೆನ್ನಾಗಿ ಈ ಭೂಮಿಯ ಮೇಲೆ ಇನ್ನೊಬ್ಬರಿಗೆ ಗೊತ್ತಿಲ್ಲ.

ಮೇಷ್ಟ್ರ ಮನೆ ಆಗ ನಮ್ಮ ಬೀದಿಯಲ್ಲೇ, ನಾಲ್ಕು ಮನೆ ಆಚೆ. ಗಿಡ್ಡ ಆಳು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಬಿಳಿ ಟವಲ್ಲು. ಸಂಧ್ಯಾವಂದನೆ ತಪ್ಪಿಸಿದವರಲ್ಲ. ಯುಗಾದಿಯ ಸಂಜೆ ರಾಮಮಂದಿರದಲ್ಲಿ ಪಂಚಾಂಗ ಓದುತ್ತಿದ್ದವರೂ ಅವರೇ. ನಿವೃತ್ತಿಯಾದ ಮೇಲೆ ಅವರಿಗೆ ಒಂದು ಹುಚ್ಚು ಹತ್ತಿತು. ತಿಂಗಳಿಗೊಂದು ಭಾನುವಾರ ವ್ಯಾನು ಗೊತ್ತುಮಾಡಿ, ಹತ್ತು ಹನ್ನೆರಡು ಜನರನ್ನು ಕೂರಿಸಿಕೊಂಡು ಸುತ್ತಲಿನ ಕಲ್ಲು ಬಂಡೆಗಳನ್ನು ತೋರಿಸಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ತಂದುಬಿಡುವುದು. ಹನ್ನೆರಡರ ಮೇಲೆ ಒಬ್ಬರನ್ನೂ ಸೇರಿಸುತ್ತಿರಲಿಲ್ಲ. ಹಿಂದೆ ನಿಂತವರಿಗೆ ಕೇಳಿಸುವುದಿಲ್ಲ, ಕೇಳಿಸದವರು ಕಲ್ಲಿನ ಮೇಲೆ ಹೆಸರು ಕೆತ್ತುತ್ತಾರೆ ಎನ್ನುತ್ತಿದ್ದರು. ಕಾಲೇಜು ಹುಡುಗರು ಬರುತ್ತಿದ್ದರು, ಮೈಸೂರಿನಿಂದಲೂ ಬರುತ್ತಿದ್ದರು. ಊರವರು ಮಾತ್ರ ಕಲ್ಲು ಮೇಷ್ಟ್ರು ಎಂದು ನಗುತ್ತಿದ್ದರು.

ಒಂದು ಕಾರ್ತಿಕ ಕಳೆದ ಮೇಲೆ ಅವರೇ ಮಂಡಳಿಗೆ ಬಂದು ಕರೆದರು. "ನೀವು ದಿನಾ ಕಲ್ಲಿಗೆ ಕೈ ಮುಗೀತೀರಿ. ಒಂದಿನ ಬಂದು ಅದರ ಕತೆ ಕೇಳಿ ತಾಯಂದಿರೇ." ನಮ್ಮ ಮನೆಯವರು ನಕ್ಕರು. "ಕಲ್ಲು ನೋಡಕ್ಕೆ ವ್ಯಾನು ಬೇರೆ ಕೇಡು. ಹಿತ್ತಲಲ್ಲಿ ಒಗೆಯೋ ಕಲ್ಲಿದೆಯಲ್ಲ, ನೋಡ್ಕೊ!" ಆದರೂ ಹೋದೆ. ಹನ್ನೊಂದು ಜನ ಹೆಂಗಸರು, ಮೇಷ್ಟ್ರು, ಡ್ರೈವರು. ದೇವರು ದೊಡ್ಡವನು, ಆ ದಿನ ಬಿಸಿಲು ಹದವಾಗಿತ್ತು, ನನ್ನ ಮಂಡಿನೋವೂ ಸುಮ್ಮನಿತ್ತು. ಇಂಥವನ್ನೆಲ್ಲ ಸಂಜೆ ದೀಪದ ಮುಂದೆ ಎಣಿಸಿ ಕೈ ಮುಗಿಯುವುದು ನನ್ನ ಅಭ್ಯಾಸ.

ಮೊದಲು ಹೇಮಾವತಿಯ ದಡದಲ್ಲಿ ಇಳಿಸಿದರು. ನೀರು ತೊಳೆದ ಬಂಡೆಯ ಮೇಲೆ ಕಪ್ಪು ಬಿಳುಪು ಪಟ್ಟೆಗಳು, ಸೀರೆಯ ನೆರಿಗೆ ಹಿಡಿದ ಹಾಗೆ ಮಡಿಸಿಕೊಂಡಿದ್ದವು. ಭೂಮಿಯ ಒಳಗಿನ ಕಾವಿಗೆ ಕಲ್ಲು ಮೆತ್ತಗಾಗಿ, ಒತ್ತಡಕ್ಕೆ ಸಿಕ್ಕಿ ಹೀಗೆ ಮಡಿಕೆ ಬಿದ್ದದ್ದಂತೆ. ಮುನ್ನೂರು ಕೋಟಿ ವರ್ಷಕ್ಕೂ ಹಿಂದಿನ ಕಲ್ಲು ಅಂದರು. "ಹಂಗಾದ್ರೆ ನಮ್ಮತ್ತೆಗಿಂತ ಹಳೇದು!" ಎಂದಳು ನಮ್ಮಲ್ಲೊಬ್ಬಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರು.

ಅರಕಲಗೂಡು ದಾಟಿ ರಾಮನಾಥಪುರಕ್ಕೆ ಹೋದೆವು. ಕಾವೇರಿಯಲ್ಲಿ ಮೀನಿಗೆ ಪುರಿ ಹಾಕಿ, ಸ್ವಾಮಿಯ ದರ್ಶನ ಮಾಡಿ, ಕಟ್ಟಿಕೊಂಡು ಹೋಗಿದ್ದ ಮೊಸರನ್ನ ಬಿಚ್ಚಿದೆವು. ಊಟದ ನಡುವೆ ಮೇಷ್ಟ್ರು ಜೇಬಿನಿಂದ ಬಳಪದ ಕಲ್ಲಿನ ಚೂರೊಂದನ್ನು ತೆಗೆದು ಒಬ್ಬೊಬ್ಬರಿಗೂ ಉಗುರಿನಲ್ಲಿ ಗೀರಲು ಕೊಟ್ಟರು. ಗೀರು ಬಿತ್ತು! ಇಷ್ಟು ಮೆತ್ತಗಿರುವುದಕ್ಕೇ ನಮ್ಮ ಸೀಮೆಯ ಗುಡಿಗಳಲ್ಲಿ ಅಂಥ ನಯದ ಕೆತ್ತನೆ ಸಾಧ್ಯವಾದದ್ದು ಎಂದರು. ಡ್ರೈವರು ದೂರ ಕೂತು ಗೊಣಗಿದ. "ಇದೇನ್ ಸಾ, ಕಲ್ಲು ತೋರ್ಸಕ್ಕೆ ಇಷ್ಟ್ ದೂರ ಕರ್ಕಂಡ್ ಬಂದ್ರಾ? ನಮ್ ತ್ವಾಟದಲ್ಲಿ ಬೇಕಾದಂಗವೆ."

"ಇವೆ ಕಣಪ್ಪ. ನೀನು ಯಾವತ್ತಾದ್ರೂ ನೋಡಿದ್ದೀಯಾ?" ಎಂದರು ಮೇಷ್ಟ್ರು. ಅವನು ತಲೆ ಕೆರೆದುಕೊಂಡ. ಆಮೇಲಿಂದ ಅವನೂ ನಮ್ಮ ಜೊತೆಯಲ್ಲೇ ಇಳಿಯತೊಡಗಿದ.

ಕೊನೆಯದು ಮಲ್ಲಿಪಟ್ಟಣದ ಕಡೆಯ ದಾರಿಯಲ್ಲಿ, ರಾಗಿ ಕೊಯ್ದ ಹೊಲವೊಂದರ ಬದುವಿನ ಮೇಲಿದ್ದ ಬಂಡೆ. ಆಳುದ್ದಕ್ಕಿಂತ ತುಸು ಎತ್ತರ, ಇದ್ದಿಲಿನ ಕಪ್ಪು. ಅದರ ಮೇಲೆ ಅಡ್ಡಡ್ಡಕ್ಕೆ ಮೂರು ಬಿಳಿ ಗೆರೆ. ಯಾರೂ ಬರೆದದ್ದಲ್ಲ, ಕಲ್ಲಿನ ಒಳಗಿನಿಂದಲೇ ಬಂದದ್ದು. ನನಗೆ ಮೈ ಜುಮ್ಮೆಂದಿತು. ಈಶ್ವರ ವಿಭೂತಿ ಹಚ್ಚಿಕೊಂಡು ಹೊಲದಲ್ಲಿ ಕೂತ ಹಾಗಿತ್ತು...

ಕಪ್ಪು ಕಲ್ಲು ಬಿರುಕು ಬಿಟ್ಟಾಗ ಅದರೊಳಗೆ ಬೆಣಚುಕಲ್ಲು ತುಂಬಿಕೊಂಡು ಆದ ಗೆರೆಗಳು ಎಂದು ಮೇಷ್ಟ್ರು ವಿವರಿಸಿದರು. ಆಮೇಲೆ ಎಲ್ಲರನ್ನೂ ಹತ್ತಿರ ಕರೆದು, ಮೂರು ಗೆರೆಗಳನ್ನೂ ಮೇಲಿನಿಂದ ಕೆಳಕ್ಕೆ ಕಡಿದು ಹೋಗಿದ್ದ ದಾರದಷ್ಟು ಸಣ್ಣ ಕೆಂಪು ಎಳೆಯೊಂದನ್ನು ತೋರಿಸಿದರು. "ಯಾವುದು ಯಾವುದನ್ನ ದಾಟಿದೆ ನೋಡಿ. ದಾಟಿಹೋದದ್ದು ಆಮೇಲೆ ಬಂದದ್ದು. ಇದನ್ನ ಓದೋದಕ್ಕೆ ಅಕ್ಷರ ಬೇಡ, ಕಣ್ಣಿದ್ರೆ ಸಾಕು. ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿಲ್ಲ." ಆ ಎಳೆಯ ಹತ್ತಿರ ಬೆರಳು ತಂದರೇ ಹೊರತು ಮುಟ್ಟಲಿಲ್ಲ.

ಅವರು ಉಳಿದವರೊಡನೆ ಬಂಡೆಯ ಆ ಮಗ್ಗುಲಿಗೆ ಹೋದರು. ನಾನು ಹಿಂದೆ ಉಳಿದೆ. ಚೀಲದಲ್ಲಿ ಕುಂಕುಮದ ಭರಣಿ ಇತ್ತು, ತಲೆಗೆಂದು ತಂದ ಕೊಬ್ಬರಿ ಎಣ್ಣೆಯ ಪುಟ್ಟ ಶೀಶೆಯೂ ಇತ್ತು. ವಿಭೂತಿ ಇದ್ದ ಮೇಲೆ ನಡುವೆ ಬೊಟ್ಟು ಬೇಡವೆ? ಉದುರದಿರಲಿ ಎಂದು ಎಣ್ಣೆಯಲ್ಲಿ ಕಲಸಿ, ಮೂರು ಗೆರೆಗಳ ನಟ್ಟನಡುವೆ, ಸರಿಯಾಗಿ ಆ ಎಳೆಯ ಮೇಲೆ, ರೂಪಾಯಿ ಅಗಲದ ಬೊಟ್ಟಿಟ್ಟೆ. ಕಣ್ಣು ಮುಚ್ಚಿ ನಮಸ್ಕಾರ ಮಾಡಿದೆ.

ತಿರುಗಿ ಬಂದ ಮೇಷ್ಟ್ರು ನೋಡಿದರು. ಮುಖ ಬಿಳಿಚಿಹೋಯಿತು. "ಯಾರು ತಾಯಿ ಇಟ್ಟೋರು?" ಎಂದರು. ಯಾರೂ ಮಾತಾಡಲಿಲ್ಲ. ನಾನೂ.

"ಭಕ್ತಿಯಿಂದ ಇಟ್ಟಿದ್ದೀರಿ, ತಪ್ಪಿಲ್ಲ. ಆದ್ರೆ ಎಣ್ಣೆ ಕಲ್ಲಿನೊಳಗೆ ಇಳಿದ್ರೆ ಈ ಎಳೆ ಹೋಯ್ತು. ಇವತ್ತು ಬೊಟ್ಟು, ನಾಳೆ ಇನ್ನೊಬ್ರು ಕೊಡದಲ್ಲಿ ಎಣ್ಣೆ ತರ್ತಾರೆ, ನಾಡಿದ್ದು ಸಿಮೆಂಟು ಬರುತ್ತೆ." ಹಾಗೆನ್ನುತ್ತ ಕುಡಿಯುವ ನೀರಿನ ಕ್ಯಾನು ತಂದು, ಹೆಗಲ ಮೇಲಿನ ಟವಲ್ಲನ್ನು ಒದ್ದೆ ಮಾಡಿ, ಮಗುವಿನ ಮೂತಿ ಒರೆಸುವ ಹಾಗೆ ಮೆಲ್ಲಗೆ ಒತ್ತಿ ಒತ್ತಿ ತೆಗೆದರು. ಅಷ್ಟೇ ಅಲ್ಲ. ಆ ಕೆಂಪು ನೀರು ಯಾರ ಕಾಲಿಗೂ ಸಿಗಬಾರದೆಂದು ಟವಲ್ಲನ್ನು ಬದುವಿನ ಎಕ್ಕದ ಗಿಡದವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಅದರ ಬುಡಕ್ಕೆ ಹಿಂಡಿದರು. ಹಿಂಡಿ, ಕಣ್ಣಿಗೊತ್ತಿಕೊಂಡರು. ಉಳಿದವರೆಲ್ಲ ಆಗಲೇ ಗೊಣಗುತ್ತ ವ್ಯಾನಿನ ಕಡೆ ಹೊರಟಿದ್ದರು. ನೋಡಿದವರು ನಾನು, ಡ್ರೈವರು ಇಬ್ಬರೇ.

ನಾನು ವ್ಯಾನು ಹತ್ತುವಾಗ ಮೇಷ್ಟ್ರು ಕ್ಯಾನಿನಲ್ಲಿ ಉಳಿದಿದ್ದ ನೀರನ್ನು ಹಿಡಿದು ನಿಂತಿದ್ದರು. "ಕೈ ತೊಳ್ಕೊಳ್ಳಿ ತಾಯಿ, ಬೆರಳು ಕೆಂಪಾಗಿದೆ" ಎಂದರು, ನನಗೊಬ್ಬಳಿಗೇ ಕೇಳುವ ಹಾಗೆ.

ಅವರಿಗೆ ಗೊತ್ತಿತ್ತು.

ಬಂದ ಮೇಲೆ ಹದಿನೈದು ದಿನಕ್ಕೆ ನಮ್ಮ ಗುಂಪಿನ ಒಬ್ಬರ ಯಜಮಾನರಿಗೆ ಎದೆನೋವು ಬಂತು. ದೇವರ ದಯೆ, ಬದುಕಿಕೊಂಡರು, ಇವತ್ತಿಗೂ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಆದರೆ ಬಾಯಿಗಳು ಸುಮ್ಮನಿದ್ದಾವೆ? ಮೇಷ್ಟ್ರು ಕುಂಕುಮ ಒರೆಸಿದ್ದಕ್ಕೇ ಹೀಗಾಯಿತು ಎಂದರು. ಮುತ್ತೈದೆಯರಿಗೆ ಕುಂಕುಮ ಒರೆಸುವುದೆಂದರೆ ಎಂಥ ಮಾತು! ಭಯ ಹತ್ತಿಕೊಂಡಿತು. ಆ ದಿನ ಅವರ ಕಾಲಲ್ಲಿ ಚಪ್ಪಲಿ ಇತ್ತು ಎಂದು ಒಬ್ಬರು ನೆನಪಿಸಿಕೊಂಡರು. ರಾಗಿಯ ಕೂಳೆ ಚುಚ್ಚುವ ಆ ಹೊಲದಲ್ಲಿ ನಮ್ಮೆಲ್ಲರ ಕಾಲಲ್ಲೂ ಇತ್ತು. ಬಾಯಿಂದ ಬಾಯಿಗೆ ದಾಟುತ್ತ ಆ ಮಾತು ಚಪ್ಪಲಿ ಕಾಲಲ್ಲಿ ಒರೆಸಿದರು ಎಂದಾಯಿತು. ಡ್ರೈವರೊಬ್ಬನೇ ಸಿಕ್ಕವರಿಗೆಲ್ಲ ನಿಜ ಹೇಳಿದ. "ಟವಲ್ಲಲ್ಲಿ ಒರ್ಸುದ್ರು ಕಣವ್ವ, ನಾನೇ ನೋಡಿವ್ನಿ." ಡ್ರೈವರ ಮಾತು ಯಾರಿಗೆ ಬೇಕು? ಮಂಡಳಿಯಲ್ಲಿ ಹದಿನೆಂಟು ವರ್ಷ ಹಾಡಿದ ನಾನು ಹೇಳಿದ್ದರೆ ಕೇಳುತ್ತಿದ್ದರು. ಹೇಳಲಿಲ್ಲ. ಇಟ್ಟವಳು ನಾನೆಂದು ತಿಳಿದರೆ ಎದೆನೋವಿನ ದೂರು ನನ್ನ ತಲೆಗೆ ಬರುತ್ತದೆ ಎಂದು ಹೆದರಿದೆ.

ಮೇಷ್ಟ್ರಿಗೆ ಬಾಯಿ ಇರಲಿಲ್ಲವೆ? ಇಟ್ಟವಳು ಇವಳು ಎಂದು ನನ್ನ ಮನೆಯ ಕಡೆ ಕೈ ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಲಿಲ್ಲ. ಬೀದಿಯಲ್ಲಿ ಎದುರಾದರೆ ಮಂಡಿನೋವು ಹೇಗಿದೆ ಎಂದು ವಿಚಾರಿಸುತ್ತಿದ್ದರು.

ಆ ಯುಗಾದಿಗೆ ಪಂಚಾಂಗ ಓದಲು ಅವರನ್ನು ಕರೆಯಲಿಲ್ಲ. ಕರೆಯುವುದಿಲ್ಲ ಎಂದು ಹೇಳಿಯೂ ಇರಲಿಲ್ಲ. ಮಡಿ ಉಟ್ಟು, ಪಂಚಾಂಗಕ್ಕೆ ಅರಿಶಿನ ಹಚ್ಚಿ ರಾಮಮಂದಿರಕ್ಕೆ ಬಂದರೆ ಮೈಕಿನ ಮುಂದೆ ಇನ್ನೊಬ್ಬರು ಕೂತಿದ್ದರು. ಮೇಷ್ಟ್ರು ಕೊನೆಯ ಸಾಲಿನಲ್ಲಿ ಕೂತು ಪೂರ್ತಿ ಕೇಳಿ, ಬೇವು ಬೆಲ್ಲ ತೆಗೆದುಕೊಂಡು ಹೋದರು... ನಾನು ಹೆಂಗಸರ ಸಾಲಿನಲ್ಲಿದ್ದೆ. ಆಗಲೂ ಏಳಲಿಲ್ಲ. ಆಮೇಲೆ ಅವರ ವ್ಯಾನು ಹೊರಡಲಿಲ್ಲ, ಬರುವವರು ಇರಲಿಲ್ಲ. ಎರಡು ವರ್ಷಕ್ಕೆ ಮನೆ ಖಾಲಿ ಮಾಡಿ ಹಾಸನಕ್ಕೆ ಹೋದರು.

ಆ ಬಂಡೆಗೆ ಮಾತ್ರ ಯೋಗ ಕೂಡಿತು. ಈ ಗಲಾಟೆಯಿಂದಲೇ ಜನ ಹುಡುಕಿಕೊಂಡು ಹೋಗತೊಡಗಿದರು. ಎಣ್ಣೆ ಬಂತು, ಕಟ್ಟೆ ಬಂತು, ತಗಡು ಬಂತು, ಟೈಲ್ಸ್ ಬಂತು. ಹೋದ ವರ್ಷ ಮನೆಯವರ ಜೊತೆ ಹೋಗಿದ್ದೆ. ಎಣ್ಣೆಯ ಜಿಡ್ಡಿಗೆ ಮೂರು ಗೆರೆಗಳೂ ಮುಚ್ಚಿಹೋಗಿವೆ. ಕಾಣುವುದಿಲ್ಲವಲ್ಲ ಎಂದು ಅದರ ಮೇಲೆ ಬಿಳಿ ಪೇಂಟಿನಲ್ಲಿ ಮೂರು ಗೆರೆ ಎಳೆದಿದ್ದಾರೆ! ಸ್ವಾಮಿ ತಾನಾಗಿ ಹಚ್ಚಿಕೊಂಡಿದ್ದ ವಿಭೂತಿ ಸಾಲದೆಂದು ಅಂಗಡಿಯ ಡಬ್ಬಿಯ ಬಣ್ಣ. ನಾನು ದೇವರನ್ನು ನಂಬಿದವಳು. ನಂಬಿದವಳಾದ್ದರಿಂದಲೇ ಅಲ್ಲಿ ಕೈ ಮುಗಿಯಲು ಆಗಲಿಲ್ಲ.

ಇದೆಲ್ಲ ನೆನೆಯುತ್ತ ಕೂತವಳಿಗೆ ಇನ್ನು ತಡೆಯಲಾಗಲಿಲ್ಲ. ಕೈ ಒರೆಸಿಕೊಂಡು ಅಧ್ಯಕ್ಷೆಗೆ ನಾನೇ ಫೋನ್ ಮಾಡಿದೆ. "ಆ ಕುಂಕುಮ ಇಟ್ಟೋಳು ನಾನು ಕಣ್ರೀ" ಎಂದೆ.

ಬೈಯುತ್ತಾರೆ ಎಂದು ಕಾದೆ. "ಅಯ್ಯೋ, ನೀವಾ! ಇಷ್ಟು ವರ್ಷ ಯಾಕ್ರೀ ಬಾಯ್ಬಿಡ್ಲಿಲ್ಲ? ನಿಮ್ಮ ಕೈಯಿಂದ್ಲೇ ಅಲ್ವೇನ್ರೀ ಅಲ್ಲಿ ಗುಡಿ ಎದ್ದಿದ್ದು! ಎಂಥಾ ಪುಣ್ಯ ಮಾಡಿದ್ರಿ! ಈ ಶಿವರಾತ್ರಿಗೆ ಕಮಿಟಿಯೋರಿಗೆ ಹೇಳಿ ನಿಮಗೊಂದು ಸನ್ಮಾನ ಮಾಡಿಸ್ತೀನಿ, ಬೇಡ ಅನ್ಬೇಡಿ."

ಮೈ ಉರಿದುಹೋಯಿತು. ಒಂದೇ ಬೊಟ್ಟು. ಒರೆಸಿದವರು ಊರು ಬಿಡಬೇಕು, ಇಟ್ಟವಳಿಗೆ ಶಾಲು ಹಾರ!

"ಶಾಲು ನಿಮ್ಮತ್ರಾನೇ ಇರಲಿ. ಚಪ್ಪಲಿ ಅಲ್ಲ, ಟವಲ್ಲು. ಒರೆಸಿದ ನೀರನ್ನೂ ಎಕ್ಕದ ಬುಡಕ್ಕೆ ಹಾಕಿ ಕಣ್ಣಿಗೊತ್ತಿಕೊಂಡ್ರು. ಅದನ್ನ ಹೇಳಿ ಎಲ್ರಿಗೂ."

"ಸತ್ತೋರ ವಿಷಯ ಈಗ್ಯಾಕ್ರೀ..."

"ಸತ್ತೋರ ವಿಷಯ ಮೊದ್ಲು ಎತ್ತಿದ್ದು ನೀವು" ಎಂದು ಫೋನ್ ಇಟ್ಟೆ.

ಮಂಡಳಿಯ ವಾಟ್ಸಾಪ್ ಗುಂಪಿನಲ್ಲಿ ನಾನೇ ಬರೆದೆ. ಇಟ್ಟವಳು ನಾನು, ಮೇಷ್ಟ್ರು ತಪ್ಪು ಮಾಡಿದವರಲ್ಲ, ಅವರಿಗೆ ಗೊತ್ತಿದ್ದೂ ನನ್ನ ಹೆಸರು ಹೇಳಲಿಲ್ಲ ಎಂದು. ಅಕ್ಷರ ಒತ್ತಿ ಒತ್ತಿ ಕಳಿಸುವುದಕ್ಕೆ ಕಾಲು ಗಂಟೆ ಹಿಡಿಯಿತು. ಎಲ್ಲರೂ ನೋಡಿದರು. ಒಬ್ಬರು ಕೈ ಮುಗಿದ ಚಿತ್ರ ಹಾಕಿದರು. ಅದರ ಕೆಳಗೇ ಇನ್ನೊಬ್ಬರು, ಶನಿವಾರದ ಪ್ರಸಾದಕ್ಕೆ ಪುಳಿಯೋಗರೆಯೋ ಸಜ್ಜಿಗೆಯೋ ಎಂದು ಕೇಳಿದರು.

ಹನ್ನೊಂದನೆಯ ದಿನ ಕಳೆಯಲಿ, ಹಾಸನಕ್ಕೆ ಹೋಗಿ ಮೇಷ್ಟ್ರ ಹೆಂಡತಿಯ ಎದುರು ಕೂತು ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಆದರೆ ಕೇಳಬೇಕಾದವರು ಅವರಲ್ಲ. ಮೇಷ್ಟ್ರು ನಾಲ್ಕು ಮನೆ ಆಚೆ ಆಮೇಲೂ ಎರಡು ವರ್ಷ ಇದ್ದರು, ಹೋಗಿ ಹೇಳಲು ಚಪ್ಪಲಿ ಮೆಟ್ಟುವಷ್ಟು ದೂರವೂ ಇರಲಿಲ್ಲ... ಇವತ್ತಿನ ದೀಪದ ಮುಂದೆ ಎಣಿಸಲು ನನಗೆ ಏನೂ ತೋಚುತ್ತಿಲ್ಲ.

ಹಿತ್ತಲಿನ ನಲ್ಲಿ ಗೊರಗೊರ ಎಂದಿತು. ಮೂರು ದಿನಕ್ಕೊಮ್ಮೆ ಬಿಡುವ ನೀರು, ಮುಕ್ಕಾಲು ಗಂಟೆಗೆ ನಿಂತುಹೋಗುತ್ತದೆ. ಎದ್ದು ಹೋಗಿ ಪೈಪಿನ ತುದಿಯನ್ನು ಡ್ರಮ್ಮಿನೊಳಗೆ ಇಳಿಸಿದೆ.