ಬ್ಯಾರನ್ನಿನ ಒದ್ದೆ ಥರ್ಮಾಮೀಟರ್

ಕಳೆದ ವರ್ಷ ಆಗಸ್ಟ್ ಮೊದಲ ವಾರ, ಕಂಪಲಾಪುರದ ಬಳಿಯ ನಮ್ಮ ಬ್ಯಾರನ್ನಿಗೆ ಅತ್ತಿಗೆ ಒಬ್ಬರೇ ನಿಂತು ಬೆಂಕಿ ಹಾಕಿದರು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ತೂಗುಹಾಕಿ, ಬಿಸಿಗಾಳಿಯಲ್ಲಿ ಬೇಯಿಸುವ ಎತ್ತರದ ಗೂಡು ಅದು. ಅಲ್ಲಿಯವರೆಗೆ ಆ ಕೆಲಸ ಅಣ್ಣನದಾಗಿತ್ತು. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಅವನು ಜಗಲಿ ಹಿಡಿದಿದ್ದ.

"ಈ ಸಲ ಸೊಪ್ಪು ಕೆಟ್ರೆ ಮುಂದ್ಲ ಲೋಡಿಗೆ ಹುಣಸೂರಿಂದ ಬೇಯ್ಸೋರ್ನ ಕರುಸ್ತೀನಿ," ಎಂದ.

"ಮೊದ್ಲು ನೀವು ಎದ್ದು ನಿಂತ್ಕಳಿ, ಆಮೇಲೆ ಕರುಸೀರಂತೆ," ಎಂದರು ಅತ್ತಿಗೆ.

ರಜೆಯಲ್ಲಿ ಊರಿಗೆ ಹೋಗಿದ್ದ ನಾನು ನೋಡುತ್ತಿದ್ದೆ.

ಬ್ಯಾರನ್ನಿನೊಳಗೆ ಎರಡು ಥರ್ಮಾಮೀಟರ್‌ಗಳು ಜೋಡಿಯಾಗಿ ತೂಗುತ್ತವೆ. ಒಂದರ ಬುಡ ಬರಿದು. ಇನ್ನೊಂದರ ಬುಡಕ್ಕೆ ಬಟ್ಟೆ ಸುತ್ತಿ, ಅದರ ತುದಿಯನ್ನು ನೀರಿನ ಬಟ್ಟಲಿಗೆ ಇಳಿಬಿಟ್ಟಿರುತ್ತಾರೆ. ನೀರಿನ ಅಣುಗಳೆಲ್ಲ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಹೆಚ್ಚು ವೇಗದವು ಬಟ್ಟೆ ಬಿಟ್ಟು ಹಾರಿಹೋಗುತ್ತವೆ, ನಿಧಾನದವು ಉಳಿಯುತ್ತವೆ. ಆ ನಿಧಾನಕ್ಕೇ ನಾವು ತಂಪು ಎನ್ನುತ್ತೇವೆ. ಹಾಗಾಗಿ ಒದ್ದೆಯದು ತುಸು ಕಡಿಮೆ ತೋರಿಸುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಹಾರಿದಷ್ಟೇ ಅಣುಗಳು ಬಟ್ಟೆಗೆ ಹಿಂದಿರುಗುತ್ತವೆ. ಆಗ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ.

ಮರುದಿನ ಬೆಳಿಗ್ಗೆ ಹೊರಗಿನಿಂದ ಗಾಜಿನ ಕಿಂಡಿಯಲ್ಲಿ ನೋಡಿದಾಗ ಎರಡೂ ಒಂದೇ ಮಟ್ಟದಲ್ಲಿದ್ದವು. ತೇವ ಹೆಚ್ಚಾಯಿತೆಂದು ಅತ್ತಿಗೆ ಗಾಳಿಕಿಂಡಿ ತೆರೆದರು. ಮಧ್ಯಾಹ್ನವೂ ಹಾಗೇ ಇತ್ತು. ಇನ್ನಷ್ಟು ತೆರೆದರು. ಬಾಗಿಲ ಬಳಿಯ ಎಲೆ ಮುಟ್ಟಿದೆ. ಹಳದಿಗೆ ತಿರುಗುವ ಮೊದಲೇ ಅಂಚು ಗರಿಗರಿಯಾಗಿತ್ತು. ಹಸಿರಿರುವಾಗಲೇ ಒಣಗಿದ ಎಲೆಗೆ ಆಮೇಲೆ ಬಣ್ಣ ಬರುವುದಿಲ್ಲ.

"ಗಾಳೀಲಿ ಅಷ್ಟು ತೇವ ಇದ್ರೆ ಎಲೆ ಯಾಕತ್ತಿಗೆ ಒಣಗ್ತು?" ಎಂದೆ.

ಅವರು ಒಳಗೆ ಹೋಗಿ ಒದ್ದೆ ಥರ್ಮಾಮೀಟರನ್ನೇ ಬಿಚ್ಚಿ ತಂದರು. ಬಟ್ಟೆಯ ಜಾಗದಲ್ಲಿ ಹತ್ತಿಯ ಬತ್ತಿ ಇತ್ತು. ಹಿಸುಕಿ ಮೂಸಿದರು.

"ಎಳ್ಳೆಣ್ಣೆ! ಅತ್ತೆ, ಇದ್ನ ಯಾರು ಸುತ್ತಿದ್ದು?"

"ನಾನೇ ಕಣಮ್ಮಿ," ಎಂದಳು ಅವ್ವ. "ಬೆಂಕಿ ಆಕೋಕೆ ಮುಂಚೆ ಗೂಡಿಗೆ ಪೂಜೆ ಮಾಡುವಾಗ ನೋಡ್ದೆ, ಆ ಬಟ್ಟೆ ಮಸಿ ಇಡ್ದಿತ್ತು. ಮೈಲಿಗೆ ಅಂತ ಕಿತ್ತಾಕಿ, ದೀಪದ ತಟ್ಟೇಲಿದ್ದ ಬತ್ತಿ ಸುತ್ತಿದೆ."

"ಅಂಗೇ ಒಂದು ಮಂಗಳಾರ್ತೀನೂ ಎತ್ಬುಡಬೇಕಿತ್ತು ಕಣವ್ವ!" ಅಣ್ಣ ಜಗಲಿಯಿಂದ ಕೂಗಿದ.

"ಬಾಯ್ಮುಚ್ಚಲಾ, ಕಾಲು ಮುರ್ಕಂಡೋನೆ." ಆಮೇಲೆ ಅವ್ವ ನನ್ನತ್ತ ತಿರುಗಿದಳು. "ಎಣ್ಣೇನೂ ಒದ್ದೆ, ನೀರೂ ಒದ್ದೆ. ಏನ್ಲಾ ಯತ್ಯಾಸ?"

ಎಣ್ಣೆ ಕುಡಿದ ಬತ್ತಿ ಬಟ್ಟಲಿನ ನೀರನ್ನು ಮೇಲಕ್ಕೆ ಎಳೆದಿರಲಿಲ್ಲ. ಎಣ್ಣೆಯ ಅಣುಗಳು ಉದ್ದ. ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಆ ಶಾಖಕ್ಕೆ ಹಾರಿಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಗಾಳಿ ಒಣಗಿದ್ದರೂ ಎರಡೂ ಥರ್ಮಾಮೀಟರ್‌ಗಳು ಒಂದೇ ಮಟ್ಟ ತೋರಿಸಿದ್ದವು. ಹೀಗೆ ಹೇಳಿದ್ದು ಅವ್ವನಿಗೆ ಸಾಲಲಿಲ್ಲ. ತಟ್ಟೆಗೆ ಒಂದು ತೊಟ್ಟು ನೀರು, ಒಂದು ತೊಟ್ಟು ಎಣ್ಣೆ ಬಿಟ್ಟು ಬಿಸಿಲಿಗಿಟ್ಟೆ. ಸಂಜೆಯೊಳಗೆ ನೀರು ಇರಲಿಲ್ಲ.

"ಇದು ಕುಂತಲ್ಲೇ ಕುಂತದಲ್ಲ ಕಣ್ಲಾ," ಎಂದಳು ಎಣ್ಣೆಯನ್ನು ಮುಟ್ಟಿ.

"ಕುಂತಲ್ಲೇ ನಡುಗ್ತಾ ಅದೆ ಕಣವ್ವ. ಕಣ್ಣಿಗೆ ಕಾಣಕಿಲ್ಲ, ಅಷ್ಟೇ."

ಅಷ್ಟರಲ್ಲಿ ಅತ್ತಿಗೆ ಒಗೆದ ಪಂಚೆಯ ತುಂಡು ಸುತ್ತಿ, ಕಿಂಡಿ ಮುಚ್ಚಿ, ಗೂಡಿನ ನೆಲಕ್ಕೆ ನೀರು ಚಿಮುಕಿಸಿದ್ದರು. ಒದ್ದೆ ಥರ್ಮಾಮೀಟರಿನ ಪಾದರಸ ಕೆಳಗಿಳಿಯಿತು.

ಬ್ಯಾರನ್ ಬಿಚ್ಚಿದಾಗ ಕೆಳಗಿನ ಸಾಲುಗಳ ಸೊಪ್ಪು ಹಸಿರಾಗಿಯೇ ಒಣಗಿತ್ತು. ಮೇಲಿನದು ಹಳದಿ. ಅಣ್ಣ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ತಿರುವಿ ನೋಡಿದ. ಹುಣಸೂರಿಗೆ ಫೋನ್ ಮಾಡಲಿಲ್ಲ. ಆ ಹಂಗಾಮಿನ ಉಳಿದ ಲೋಡುಗಳನ್ನು ಅತ್ತಿಗೆಯೇ ಬೇಯಿಸಿದರು. ಈ ವರ್ಷ ಅಣ್ಣ ನಡೆದಾಡುತ್ತಿದ್ದಾನೆ. ಮೊದಲ ಲೋಡಿಗೆ ಬೆಂಕಿ ಹಾಕಿದವರು ಅತ್ತಿಗೆ.