ಯಂತ್ರ ನಿಲ್ಲಿಸುವುದನ್ನೂ ಕಲಿಸಿದವರು

ಏಷ್ಯಾ ಖಂಡದ ನಗರಗಳು ಕಲ್ಲಿದ್ದಲ ಹೊಗೆಯಿಂದ ಬಿಡಿಸಿಕೊಂಡು ಶುದ್ಧ ಇಂಧನದ ಕಡೆಗೆ ಹೊರಟ ಈ ಕಾಲದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆದರೆ, ಅದರಲ್ಲಿ ನೈಸರ್ಗಿಕ ಅನಿಲದ ಹೆಸರು ದೊಡ್ಡದಾಗಿಯೇ ಬರುತ್ತದೆ. ಆದರೆ ಆ ಅನಿಲವನ್ನು ಎಲ್ಲಿ ಉರಿಸಬೇಕು, ಎಷ್ಟು ಉರಿಸಬೇಕು, ಯಾವಾಗ ಆರಿಸಬೇಕು ಎಂಬ ವಿವೇಕವನ್ನು ಕೆಲಸದಲ್ಲೇ ತೋರಿಸಿಕೊಟ್ಟವರು ಬೆರಳೆಣಿಕೆಯಷ್ಟು ಮಂದಿ. ನಮ್ಮ ವಿದ್ಯುತ್ ಸ್ಥಾವರದ ಮುಖ್ಯ ಎಂಜಿನಿಯರ್ ಹುದ್ದೆಯಿಂದ ಈ ತಿಂಗಳು ನಿವೃತ್ತರಾಗುತ್ತಿರುವ, ನಾವೆಲ್ಲ ‘ದೊಡ್ಡ ಮೇಡಂ’ ಎಂದೇ ಕರೆಯುತ್ತ ಬಂದ ಹಿರಿಯರು ಆ ಸಾಲಿಗೆ ಸೇರಿದವರು. ಅವರ ಕೈಕೆಳಗೆ ಕೆಲಸ ಕಲಿತು, ಇಂದು ಅದೇ ಸ್ಥಾವರದ ನಿಯಂತ್ರಣ ಕೊಠಡಿಯ ಹೊಣೆ ಹೊತ್ತಿರುವ ನನಗೆ ಈ ಅಭಿನಂದನ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತದ್ದು ನನ್ನ ಭಾಗ್ಯ.

ಮೇಡಂ ಸೇವೆಗೆ ಸೇರಿದಾಗ ಇದು ಕಲ್ಲಿದ್ದಲ ಸ್ಥಾವರ. ಸುತ್ತಲಿನ ಬೀದಿಗಳಲ್ಲಿ ಬೆಳಿಗ್ಗೆ ಒಗೆದು ಮಹಡಿಯ ಮೇಲೆ ಹರವಿದ ಬಟ್ಟೆಯನ್ನು ಸಂಜೆ ಮತ್ತೆ ಒಗೆಯಬೇಕಾಗುತ್ತಿತ್ತು. ಅವರ ಸ್ವಂತ ಅಣ್ಣ ಕಲ್ಲಿದ್ದಲ ಅಂಗಳದಲ್ಲಿ ಸಾಗಣೆ ಬೆಲ್ಟ್ ನೋಡಿಕೊಳ್ಳುತ್ತಿದ್ದವರು, ಕಾರ್ಮಿಕ ಸಂಘದ ಮುಂದಾಳು. ಎಲ್ಲರ ಬಾಯಲ್ಲೂ ಬೆಲ್ಟಣ್ಣ. ತಂದೆಯಿಲ್ಲದ ಮನೆಯಲ್ಲಿ ತಂಗಿಯನ್ನು ಎಂಜಿನಿಯರಿಂಗ್ ಓದಿಸಿದವರೂ ಅವರೇ.

ಹಳೆಯ ಬಾಯ್ಲರುಗಳನ್ನು ತೆಗೆದು ಅನಿಲದ ಟರ್ಬೈನು ಕೂರಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿ, ಆ ಹೊಣೆಯನ್ನು ಮೇಡಂ ಹೆಗಲಿಗೆ ಹಾಕಿದ ಸಂಜೆಯೇ ಅವರು ಅಣ್ಣನ ಮನೆಗೆ ಹೋದರು. ಹೊಸದಾಗಿ ಸೇರಿದ್ದ ನಾನು ಜೊತೆಗಿದ್ದೆ. ಬೆಲ್ಟಣ್ಣ ನಮಗೆ ಕುರ್ಚಿ ತೋರಿಸಿ, ತಾವು ನಿಂತೇ ಮಾತಾಡಿದರು.

“ಓದಿಸಿದ್ದಕ್ಕೆ ಒಳ್ಳೇ ಫಲ ಕೊಟ್ಟೆ ಕಣೆ. ನಮ್ಮ ಅನ್ನಕ್ಕೇ ಕಲ್ಲು ಹಾಕ್ತಿದ್ದೀಯ.”

“ಅಣ್ಣ, ಒಳಗೆ ಅತ್ತಿಗೆ ಕೆಮ್ತಿರೋದು ಕೇಳಿಸ್ತಿದೆಯಾ ನಿಂಗೆ?”

“ಕೆಮ್ಮಿಗೆ ಔಷಧ ಇದೆ. ಹಸಿವಿಗೆ ಏನಿದೆ?”

ಹಿಂತಿರುಗುವಾಗ ಬಸ್ ನಿಲ್ದಾಣದಲ್ಲಿ ಮೇಡಂ, “ಅಣ್ಣ ಹೇಳಿದ್ದು ತಪ್ಪಲ್ಲ ಕಣಪ್ಪ” ಎಂದರು. ಮರುದಿನ ಮಂಡಳಿಯ ಮುಂದೆ ಅವರಿಟ್ಟ ಷರತ್ತು ಒಂದೇ: ಅಂಗಳದ ಒಬ್ಬ ಕೆಲಸಗಾರನೂ ಹೊಸ ಕೆಲಸ ಕಲಿತು ಕೈಗೆ ತೆಗೆದುಕೊಳ್ಳದೆ ಹಳೆಯದನ್ನು ಬಿಡುವಂತಾಗಬಾರದು, ಇಲ್ಲವಾದರೆ ನಕ್ಷೆಗೆ ತಮ್ಮ ಸಹಿ ಇಲ್ಲ. ನಿರ್ದೇಶಕರು ಹುಬ್ಬೇರಿಸಿದರು. ಇದು ಬರಿಯ ಕರುಣೆಯ ಮಾತಲ್ಲವೆಂದು ಮೇಡಂ ಬಿಡಿಸಿ ಹೇಳಿದರು. ಅನಿಲ ಸರಿಯಾಗಿ ಉರಿದರೆ ಇಂಗಾಲದ ಹೊರೆ ಕಲ್ಲಿದ್ದಲಿನ ಅರ್ಧದಷ್ಟು, ಬೂದಿಯಂತೂ ಇಲ್ಲವೇ ಇಲ್ಲ. ಆದರೆ ಉರಿಯುವ ಮೊದಲೇ ಕೊಳವೆಯಿಂದ ಸೋರಿಹೋದರೆ ಅದು ಭೂಮಿಯನ್ನು ಹೊಗೆಗಿಂತ ಹೆಚ್ಚು ಕಾಯಿಸುತ್ತದೆ, ಆ ಲಾಭವೆಲ್ಲ ಗಾಳಿಪಾಲು. ಪ್ರತಿ ಕೀಲನ್ನೂ ಕವಾಟವನ್ನೂ ದಿನಾ ನೋಡುವ ಕಣ್ಣುಗಳು ಬೇಕು. ಆ ಕಣ್ಣುಗಳು ಅಂಗಳದಲ್ಲೇ ಇವೆ.

ಕ್ಯಾಂಟೀನಿನ ಹಜಾರದಲ್ಲಿ ಪಾಠ ಶುರುವಾಯಿತು. ಬೆಲ್ಟಣ್ಣ ಜಪ್ಪಯ್ಯ ಅಂದರೂ ಬರಲಿಲ್ಲ. ತಮ್ಮ ಹುಡುಗರೆಲ್ಲ ಹೋಗಿ ಬಂದು ಅದೇ ಮಾತಾಡತೊಡಗಿದ ಮೇಲೆ, ಒಂದು ದಿನ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತರು. ಸೋರಿಕೆ ಹಿಡಿಯುವ ಯಂತ್ರವನ್ನು ಮೇಡಂ ತೋರಿಸುತ್ತಿದ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ:

“ಈ ಡಬ್ಬಿ ಸುಳ್ಳು ಹೇಳಿದ್ರೆ?”

“ಅದಕ್ಕೇ ನೀನು ಬೇಕು ಅಂದಿದ್ದು, ಅಣ್ಣ.”

ಹಜಾರವೆಲ್ಲ ನಕ್ಕಿತು. ಬೆಲ್ಟಣ್ಣನೂ ನಕ್ಕರು. ಮುಂದೆ ಸೋರಿಕೆ ಪಡೆಯ ಮೇಸ್ತ್ರಿಯಾದವರು ಅವರೇ. ಹೊಸ ಟರ್ಬೈನು ಮೊದಲ ಬಾರಿಗೆ ಹೊತ್ತಿದ ಬೆಳಿಗ್ಗೆ ಅವರು ಹೊರಗೆ ಬಂದು ಹೊಗೆಕೊಳವೆಯ ಬಾಯನ್ನು ನೋಡಿದರು, ಆಕಾಶ ನೋಡಿದರು, ತಂಗಿಯ ಮುಖ ನೋಡಿದರು. “ಉರೀತಿದೆಯಾ ನಿಜವಾಗ್ಲೂ?” “ಉರೀತಿದೆ.” “ಹಂಗಾದ್ರೆ ನಿಮ್ಮತ್ತಿಗೆಗೆ ಹೇಳ್ತೀನಿ, ಬಟ್ಟೆ ಹೊರಗೇ ಹಾಕು ಅಂತ.” ಅಂಗಳದಲ್ಲಿ ನಿಂತಿದ್ದ ಹಳೆಯ ಕೆಲಸಗಾರರ ಚಪ್ಪಾಳೆ ಬೀದಿಯ ತನಕ ಕೇಳಿಸಿತು.

ನನ್ನ ಹೆಂಡತಿಯ ಹೆರಿಗೆ ಕಷ್ಟವಾಗಿ ತಾಯಿ ಮಗು ಇಬ್ಬರೂ ಆಸ್ಪತ್ರೆಯಲ್ಲಿದ್ದಾಗ ನನ್ನ ಪಾಳಿಯನ್ನು ಯಾರಿಗೂ ಹೊರಿಸದೆ ಮೇಡಂ ತಾವೇ ಮಾಡಿದರು. ಮುಖ್ಯ ಎಂಜಿನಿಯರು ಪಾಳಿಯ ಮೇಜಿಗೆ ಕುಳಿತದ್ದನ್ನು ಕಂಡು ಮೂಗು ಮುರಿದವರಿಗೆ, “ಕಲಿತದ್ದು ಮರೆತುಹೋಗ್ತಿತ್ತು, ಒಳ್ಳೇದೇ ಆಯ್ತು” ಎಂದರಂತೆ. ಈ ಸಂಗತಿ ನನಗೆ ತಿಳಿದದ್ದು ಬೇರೆಯವರಿಂದ.

ಇಷ್ಟಕ್ಕೇ ನಿಂತಿದ್ದರೆ ಅವರೂ ಒಬ್ಬ ಒಳ್ಳೆಯ ಅಧಿಕಾರಿ ಎನಿಸಿಕೊಳ್ಳುತ್ತಿದ್ದರು. ನಗರದಾಚೆಯ ಬಯಲಿನಲ್ಲಿ ಸೌರಫಲಕಗಳು ಹರಡಿಕೊಳ್ಳತೊಡಗಿದಾಗ ಇನ್ನು ನಮ್ಮ ಟರ್ಬೈನು ಯಾರಿಗೂ ಬೇಡವಾಗುತ್ತದೆಂದು ನಮ್ಮಲ್ಲಿ ಎಷ್ಟೋ ಮಂದಿ ಅಂಜಿದರು. ಮೇಡಂ ಮಾತ್ರ ಬಿಸಿಲಿರುವಾಗ ಟರ್ಬೈನು ನಿಲ್ಲಿಸಿ, ಬೇಕೆಂದಾಗ ಕೂಡಲೇ ಹೊತ್ತಿಸುವ ತಾಲೀಮನ್ನು ಶುರುಮಾಡಿದರು. ಮಂಡಳಿಯ ಹಿರಿಯರೊಬ್ಬರು ತಡೆಯಲಾರದೆ ಕೇಳಿದರು: “ಅಲ್ಲ ಮೇಡಂ, ನಿಲ್ಲಿಸೋಕೆ ಅಂತ ಯಾರಾದ್ರೂ ಕಾರ್ಖಾನೆ ಕಟ್ತಾರಾ?”

“ಅಗ್ನಿಶಾಮಕದವರನ್ನ ದಿನಾ ಬೆಂಕಿ ಬೀಳಲಿ ಅಂತ ಇಟ್ಕೊಂಡಿರ್ತೀವಾ ಸಾರ್?”

ಆ ತಾಲೀಮು ಫಲ ಕೊಟ್ಟ ಸಂಜೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಹೊತ್ತು ಮುಳುಗುವ ಮೊದಲೇ ಬಯಲಿನ ಮೇಲೆ ದಟ್ಟ ಮೋಡ ಕವಿದು ಸೌರ ವಿದ್ಯುತ್ತು ಕುಸಿಯಿತು; ಆ ಮಬ್ಬಿಗೆ ಮನೆಮನೆಯಲ್ಲೂ ದೀಪ ಹೊತ್ತಿದವು. ವಿದ್ಯುತ್ ಜಾಲದ ಕಚೇರಿಯಿಂದ ಫೋನು ಬಂತು. ಮೇಡಂ ಫೋನು ತೆಗೆದುಕೊಂಡು, “ನೀವು ಫೋನ್ ಇಡಿ, ನಾವು ಹೊತ್ತಿಸ್ತೀವಿ” ಎಂದರು. ನನ್ನ ಕಡೆ ತಿರುಗಿ, “ನಡೆಸಪ್ಪ, ತಾಲೀಮಲ್ಲಿ ಮಾಡಿದ್ದನ್ನೇ ಮಾಡು” ಎಂದರು. ಬೆಲ್ಟಣ್ಣನ ಪಡೆ ಕೊಳವೆ ಸರಿಯಿದೆಯೆಂದು ಕೂಗಿ ತಿಳಿಸಿತು. ಗುಂಡಿ ಒತ್ತಿದೆ. ತಣ್ಣಗಾದ ಕಲ್ಲಿದ್ದಲ ಬಾಯ್ಲರಾಗಿದ್ದರೆ ಬೆಳಗಾಗುವ ತನಕ ಕಾಯಬೇಕಿತ್ತು; ನಮ್ಮ ಟರ್ಬೈನು ಚಹಾ ಆರುವಷ್ಟರಲ್ಲಿ ಪೂರ್ತಿ ವೇಗಕ್ಕೆ ಬಂತು. ನಗರದ ದೀಪಗಳು ಮಿಣುಕಲಿಲ್ಲ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಿಲ್ಲಲಿಲ್ಲ, ಲಿಫ್ಟಿನಲ್ಲಿ ಯಾರೂ ಸಿಕ್ಕಿಕೊಳ್ಳಲಿಲ್ಲ. ಊರಿಗೆ ಊರೇ ಏನೂ ಆಗಿಲ್ಲವೆಂಬಂತೆ ಊಟಕ್ಕೆ ಕುಳಿತಿತು. ಅದೇ ನಮ್ಮ ಗೆಲುವು. ಪ್ರಶ್ನೆ ಕೇಳಿದ್ದ ಆ ಹಿರಿಯರು ಮರುದಿನ ಖುದ್ದಾಗಿ ಬಂದು ಮೇಡಂಗೆ ಕೈಮುಗಿದರು. ಆಮೇಲೆ ನೆರೆಯ ದೇಶಗಳ ಎಂಜಿನಿಯರುಗಳು ತಂಡತಂಡವಾಗಿ ಬಂದು ಈ ಪದ್ಧತಿಯನ್ನು ಕಲಿತು ಹೋಗಿದ್ದಾರೆ. ಕೊಳವೆಯುದ್ದಕ್ಕೂ ಅವರನ್ನು ನಡೆಸಿಕೊಂಡು ಹೋಗಿ ತೋರಿಸುವವರು, ತಾವು ನಿವೃತ್ತರಾದ ಮೇಲೂ, ಬೆಲ್ಟಣ್ಣ.

ನಿವೃತ್ತಿಯ ಬಳಿಕ ವಿಶ್ರಾಂತಿ ತೆಗೆದುಕೊಳ್ಳಿ ಎಂದು ನಾವೆಲ್ಲ ಕೇಳಿಕೊಂಡದ್ದು ನೀರಿನಲ್ಲಿ ಮಾಡಿದ ಹೋಮವಾಗಿದೆ. ಬ್ಯಾಟರಿಗಳಲ್ಲಿ ಬಿಸಿಲನ್ನು ಕೂಡಿಡುವ ಹೊಸ ಕೇಂದ್ರಕ್ಕೆ ಸಲಹೆಗಾರರಾಗಲು ಅವರು ಆಗಲೇ ಒಪ್ಪಿದ್ದಾರೆ. ಅವರ ಆಯುಷ್ಯ ದೊಡ್ಡದಾಗಲಿ, ಮೈಯಲ್ಲಿ ಕಸುವು ಕುಂದದಿರಲಿ. ಈ ಖಂಡದ ಕೊನೆಯ ಕಲ್ಲಿದ್ದಲ ಒಲೆ ಆರುವುದನ್ನು ಅವರು ಕಣ್ಣಾರೆ ಕಾಣಲಿ; ಅದಾದ ಮೇಲೆ ನಮ್ಮ ಅನಿಲದ ಉರಿಯೂ ಬೇಡವಾಗುವ ದಿನ ಬಂದಾಗ, ನಾನು ನಿಯಂತ್ರಣ ಕೊಠಡಿಯ ಕುರ್ಚಿಯಿಂದೆದ್ದು ಜಾಗ ಬಿಡುತ್ತೇನೆ; ಆ ಟರ್ಬೈನನ್ನು ಅವರೇ ಬಂದು ತಮ್ಮ ಕೈಯಾರೆ ಆರಿಸಲಿ.